ನೊಣವಿಲ್ಲದ ತಟ್ಟೆ

ನಮ್ಮ ಊರಿನಲ್ಲಿ ಚಿತ್ರದಲ್ಲಿ ಬರೆದ ಊಟವೂ ಹಳಸುತ್ತದೆ. ಬರೆದವರು ಅದರಲ್ಲಿ ಒಂದು ಕುಂದು ಇಟ್ಟಿದ್ದರೆ ಮಾತ್ರ ಹಳಸುವುದಿಲ್ಲ. ಮಾವಿನಹಣ್ಣಿನ ಮೇಲೊಂದು ಕಪ್ಪು ಮಚ್ಚೆ, ಜಿಲೇಬಿಯ ಪಕ್ಕದಲ್ಲೊಂದು ಇರುವೆ, ಹಾಲಿನ ಬಟ್ಟಲಿನ ಅಂಚಿಗೊಂದು ನೊಣ, ಅಷ್ಟಿದ್ದರೆ ಸಾಕು, ಪಟ ಮೊಮ್ಮಕ್ಕಳ ಕಾಲಕ್ಕೂ ತಾಜಾ ಇರುತ್ತದೆ. ಏನೊಂದೂ ಕುಂದಿಲ್ಲದೆ ಬರೆದರೋ, ಮೂರನೇ ದಿನಕ್ಕೆ ಬಣ್ಣ ಬೆವರುತ್ತದೆ, ಐದನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ವಾರ ತುಂಬುವುದರೊಳಗೆ ಮನೆಯವರು ಮೂಗಿಗೆ ಸೆರಗು ಹಿಡಿದುಕೊಂಡು ಅದನ್ನು ತಿಪ್ಪೆಗೆ ಒಯ್ಯುತ್ತಾರೆ. ಬೇಳೆ ಮಂಡಿಯ ಸಾಹುಕಾರರೊಬ್ಬರು ಮಗಳ ಮದುವೆಗೆಂದು ನೂರೊಂದು ಲಾಡುಗಳ ಪಟ ಬರೆಸಿದ್ದರು. "ನನ್ನ ಮಗಳ ಮದುವೇಲಿ ಇರುವೆ ಯಾಕ್ರೀ?" ಎಂದು ಇದ್ದೊಂದು ಇರುವೆಯನ್ನೂ ಒರೆಸಿಹಾಕಿಸಿದರು. ಧಾರೆಯ ಹೊತ್ತಿಗೆ ವಾಸನೆ ಎದ್ದು ಬೀಗರು ಊಟಕ್ಕೆ ಕೂರದೆ ಹೊರಟು ನಿಂತದ್ದನ್ನು ಊರು ಈಗಲೂ ಹೇಳಿಕೊಂಡು ನಗುತ್ತದೆ.

ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಕೇರಿಯವರು ಕೇಳುತ್ತಿದ್ದ ಪ್ರಶ್ನೆ ಬೇರೆ. ಪೇಟೆಯಲ್ಲಿ ಯಾವ ತಿನಿಸು ಮಾರಬೇಕಾದರೂ ಮೊದಲು ಅದರ ಪಟ ಊರಿನ ಚಾವಡಿಯಲ್ಲಿ ನಲವತ್ತು ದಿನ ತೂಗಬೇಕು, ಹಳಸಬಾರದು. ಚಾವಡಿಯ ಗೋಡೆ ತುಂಬ ಇಡ್ಲಿ, ಹೋಳಿಗೆ, ಬೋಂಡ, ಚಿತ್ರಾನ್ನ, ಮೊಸರನ್ನ, ಒಂದೊಂದರ ಮೇಲೂ ಒಂದೊಂದು ನೊಣ. ನಮ್ಮ ಕೇರಿಯ ಒಂದು ತುತ್ತೂ ಅಲ್ಲಿರಲಿಲ್ಲ. ಯಾಕಿಲ್ಲ? ಕೇಳಿದರೆ, ನೀವು ಪಟ ತಂದಿಲ್ಲವಲ್ಲ ಎನ್ನುತ್ತಿದ್ದರು. ಪಟ ಬರೆದುಕೊಡಿ ಎಂದು ಚಿತ್ರಗಾರರ ಬೀದಿಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನ್ಯಾಯ ಎಷ್ಟು ನಾಜೂಕಾಗಿ ಹೆಣೆದದ್ದು ನೋಡಿ, ಎಲ್ಲಿ ಎಳೆದರೂ ಗಂಟು ನಮ್ಮ ಕುತ್ತಿಗೆಗೇ ಬರಬೇಕು.

ನನ್ನ ಅವ್ವ ಹೊಂಬಾಳಿ ಮಾಡುವ ಬೋಟಿ ಗೊಜ್ಜಿನ ರುಚಿ ಊರಿಗೆ ಗೊತ್ತಿರಲಿಲ್ಲ ಎಂದಲ್ಲ. ಕುರಿಯ ಹೊಟ್ಟೆ, ಕರುಳನ್ನು ಸುಣ್ಣ ಹಾಕಿ ಉಜ್ಜಿ ಏಳು ನೀರಲ್ಲಿ ತೊಳೆದು, ಬೆಳ್ಳಗೆ ಒಗೆದ ಟವೆಲಿನ ಹಾಗೆ ಮಾಡಿ ಬೇಯಿಸುತ್ತಿದ್ದಳು. ಸಂಜೆಯಾದರೆ ಕೇರಿಯ ಹಿಂದಿನ ಓಣಿಗೆ ಜನ ಬರುತ್ತಿದ್ದರು, ಕೈಯಲ್ಲಿ ಟಿಫನ್ ಕ್ಯಾರಿಯರ್, ಅದರ ಮೇಲೆ ಟವೆಲ್ಲು. "ಹೊಂಬಾಳಮ್ಮ, ಸ್ವಲ್ಪ ಕಾರ ಮುಂದಾಗಿರ್ಲಿ" ಎಂದು ಪಿಸುಗುಟ್ಟಿ ಈಸಿಕೊಂಡು ಹೋದವರೇ ಹಗಲಲ್ಲಿ ನಮ್ಮ ಕೇರಿ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದರಿಂದ ಮಸಾಲೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಹೊಟ್ಟೆಪಾಡಿಗೆ ಅವ್ವ ಮದುವೆ ಛತ್ರದಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಪಂಕ್ತಿಯೆಲ್ಲ ಎದ್ದ ಮೇಲೆ ಉಳಿದದ್ದನ್ನು ಹಿತ್ತಿಲ ಗೋಡೆಯ ಮೇಲಿಂದ ಅವಳ ಪಾತ್ರೆಗೆ ಸುರಿಯುತ್ತಿದ್ದರು. ಆ ವರ್ಷ ಅವಳ ಮಂಡಿ ಕೈಕೊಟ್ಟಿತು. ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯಬೇಕು. "ಇನ್ನೊಂದು ವರ್ಷ ತಳ್ಳಬೋದು ಕಣೆ ಮಂಚಿ," ಎಂದಳು. "ಆಮೇಲೆ ಪೇಟೇಲಿ ಒಂದು ಜಾಗ ಸಿಕ್ಕಿದ್ರೆ, ಮಣೆ ಮೇಲೆ ಕೂತ್ಕೊಂಡು ಮಾರ್ಕೋತೀನಿ. ಸಿಗದಿದ್ರೆ ಏನು ಮಾಡನ?" ಪಟ ಬರೆಸಲು ನಾನೇ ಹೊರಟೆ.

ಚಿತ್ರಗಾರರ ಬೀದಿಯ ಎಂಟು ಮನೆ ಹತ್ತಿ ಇಳಿದೆ. ಕೊನೆಯ ಮನೆಯವರು ತುಸು ಒಳ್ಳೆಯವರು, ಬಾಗಿಲು ಹಾಕಿಕೊಳ್ಳಲಿಲ್ಲ, ಕಾರಣ ಹೇಳಿದರು. "ಬೋಟಿ ಬರೆದ ಕುಂಚದಲ್ಲಿ ನಾಳೆ ಪಂಚಕಜ್ಜಾಯ ಹೆಂಗಮ್ಮ ಬರೀಲಿ?" ಕಣ್ಣೊರೆಸಿಕೊಂಡು ಅವರ ಹಿತ್ತಿಲು ದಾಟುತ್ತಿದ್ದೆ. ಅಲ್ಲಿ ಚಪ್ಪರದಡಿ ಒಬ್ಬ ಮುದುಕಿ ಕಲ್ಲಿನ ಮೇಲೆ ಕಾವಿಮಣ್ಣು ಅರೆಯುತ್ತಿದ್ದಳು. ಮೊಣಕೈವರೆಗೂ ಕೆಂಪು. ಅವಳೇ ತಿಬ್ಬಕ್ಕ. ನಮ್ಮ ಕೇರಿಯವಳೇ, ಆ ಬೀದಿಗೆ ನಲವತ್ತು ವರ್ಷ ಬಣ್ಣ ಅರೆದುಕೊಟ್ಟವಳು. ಅರೆಯಬಹುದಾಗಿತ್ತು, ಕುಂಚ ಮುಟ್ಟುವಂತಿರಲಿಲ್ಲ.

"ಲೇ ಕೂಸೆ, ಹೊಂಬಾಳಿ ಮಗಳಲ್ವಾ ನೀನು? ಬಾ ಇಲ್ಲಿ. ಅವ್ರ ಮುಂದೆ ಯಾಕೆ ಹಲ್ಲು ಗಿಂಜ್ತೀಯೆ? ನಾನು ಅರೆದ ಮೇಲಲ್ವಾ ಅವ್ರು ಬರೆಯೋದು?"

"ನಿಂಗೆ ಬರೆಯಕ್ಕೆ ಬತ್ತದಾ ತಿಬ್ಬಕ್ಕ?"

"ಕೈ ನಡುಗ್ತದೆ ಕಣೆ. ಕಣ್ಣು ಮಾತ್ರ ನಲವತ್ತು ವರ್ಷದಿಂದ ಬರೀತಾನೇ ಅದೆ. ನನ್ನ ಕಣ್ಣು ನಿನ್ನ ಕೈಗೆ ಕೊಡ್ತೀನಿ, ತಗೋತೀಯಾ?"

ತಗೊಂಡೆ. ನನ್ನ ಬದುಕಿನಲ್ಲಿ ಯಾರೂ ನನಗೆ ಅಷ್ಟು ದೊಡ್ಡದನ್ನು ಅಷ್ಟು ಸಲೀಸಾಗಿ ಕೊಟ್ಟಿಲ್ಲ. ಬೆಳಕು ಎಡಗಡೆಯಿಂದ ಬೀಳಬೇಕು ಎಂದಳು ತಿಬ್ಬಕ್ಕ ಮೊದಲ ದಿನ. ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ. ಅವ್ವ ಪಕ್ಕದ ಮನೆಯಿಂದ ಹಾರೆ ಈಸಿಕೊಂಡು ಬಂದು ಎಡಗೋಡೆಯಲ್ಲಿ ಒಂದು ಕಿಂಡಿ ಒಡೆದಳು. ಹಲಗೆಗೆ ಅಂಟು, ಸುಣ್ಣದ ಪುಡಿ ಬಳಿದು ನುಣ್ಣಗೆ ಉಜ್ಜುವುದನ್ನು ಕಲಿತೆ. ಆಮೇಲೆ ಬೂದಿಗಪ್ಪು ಬಣ್ಣದಲ್ಲಿ ಇಡೀ ತಟ್ಟೆಯನ್ನು ಒಮ್ಮೆ ಬರೆಯಬೇಕು, ಬರಿಯ ನೆರಳು ಬೆಳಕು. ತಿಬ್ಬಕ್ಕ ಇದನ್ನು ಸತ್ತ ಬಣ್ಣ ಎನ್ನುತ್ತಿದ್ದಳು. "ಮೊದ್ಲು ಸಾಯ್ಸು, ಆಮೇಲೆ ಜೀವ ಕೊಡು. ಎಲ್ಲಾನೂ ಒಂದೇ ಏಟಿಗೆ ಬರೆದ್ರೆ ಗೋಡೆಗೆ ಸುಣ್ಣ ಹೊಡೆದಂಗಾಯ್ತದೆ." ಅದು ಒಣಗಿದ ಮೇಲೆ ಅಗಸೆ ಎಣ್ಣೆಯಲ್ಲಿ ಕಲಸಿದ ತೆಳು ಬಣ್ಣ, ಪದರದ ಮೇಲೆ ಪದರ, ಕೆಳಗಿನದು ಮೇಲಿನದರಲ್ಲಿ ಇಣುಕುವ ಹಾಗೆ. ಒಂದೊಂದು ಪದರಕ್ಕೂ ಕಾಯಬೇಕು. ಕಟ್ಟಕಡೆಗೆ, ಹೊಳಪಿಗೆ, ಸಾಸಿವೆಯಷ್ಟು ದಪ್ಪ ಬಿಳಿ. ಆ ಬಿಳಿ ಚುಕ್ಕೆ ಬಿದ್ದ ಕ್ಷಣ ಗೊಜ್ಜು ಒದ್ದೆಯಾಗುತ್ತದೆ. ಮೊದಲ ಸಲ ಹಾಗಾದಾಗ ನಾನು ಕುಂಚ ಕೆಳಗಿಟ್ಟು ತಿಬ್ಬಕ್ಕನ ಕಾಲು ಹಿಡಿದುಕೊಂಡೆ. ಅವಳು ಕಾಲೆಳೆದುಕೊಂಡು, "ಹೋಗೆ, ನೆರಳು ತಿದ್ದು" ಎಂದಳು.

ಅದೇ ದಿನಗಳಲ್ಲಿ ಟೈಲರ್ ಕುಳ್ಳಯ್ಯನ ಅಂಗಡಿಯಲ್ಲಿ ನಮ್ಮ ಓದಿನ ಬಳಗ ಸೇರುತ್ತಿತ್ತು. ಸಂಜೆ ಮಿಷನ್ನು ನಿಂತ ಮೇಲೆ ಹತ್ತು ಹನ್ನೆರಡು ಜನ ಕೂತು, ಒಬ್ಬರು ಓದುವುದು, ಉಳಿದವರು ಜಗಳವಾಡುವುದು. ರದ್ದಿಯಲ್ಲಿ ಸಿಕ್ಕಿದ, ರಟ್ಟಿಲ್ಲದ ಒಂದು ಪುಸ್ತಕವನ್ನು ಕುಳ್ಳಯ್ಯ ಆ ತಿಂಗಳು ಓದುತ್ತಿದ್ದ. ದೂರದ ಡಚ್ಚರ ನಾಡಿನಲ್ಲಿ ಮುನ್ನೂರು ನಾನೂರು ವರ್ಷದ ಹಿಂದೆ ಚಿತ್ರಗಾರರು ಊಟದ ಮೇಜುಗಳನ್ನು ಹೇಗೆ ಬರೆಯುತ್ತಿದ್ದರು ಎಂಬ ಪುಸ್ತಕ ಅದು. ಅವರೂ ಮೊದಲ ಪದರವನ್ನು ಸತ್ತ ಬಣ್ಣ ಎಂದೇ ಕರೆಯುತ್ತಿದ್ದರಂತೆ. ಕೇಳಿ ತಿಬ್ಬಕ್ಕ, "ನೋಡಿದ್ಯಾ, ನಾನೇನು ಸುಳ್ಳು ಹೇಳಿದ್ನಾ?" ಎಂದು ಎಲೆಯಡಿಕೆ ಉಗಿದು ಬಂದಳು. ಕುಳ್ಳಯ್ಯ ಬೆರಳಿಟ್ಟು ಓದಿದ. ಅರ್ಧ ಸಿಪ್ಪೆ ಸುಲಿದ ನಿಂಬೆಹಣ್ಣು, ನೋಡಲು ಚೆಂದ, ಒಳಗೆ ಹುಳಿ, ಬದುಕಿನ ಹಾಗೆ. ಉರುಳಿದ ಗಾಜಿನ ಲೋಟ, ಸುಖ ನಿಲ್ಲುವುದಿಲ್ಲ ಎಂದು. ಮೇಜಿನಂಚಿನಿಂದ ಹೊರಗೆ ಚಾಚಿದ ಚಾಕುವಿನ ಹಿಡಿ, ನೋಡುವವರ ಕೈಗೆಟುಕುವ ಹಾಗೆ. ಹಣ್ಣಿನ ಮೇಲೆ ನೊಣ, ಎಲ್ಲ ಕೊಳೆಯುತ್ತದೆ ಎಂದು. ಪಂಚಾಂಗದ ಹಾಳೆ ಸುತ್ತಿ ಮಾಡಿದ ಪೊಟ್ಟಣದಲ್ಲಿ ಕಾಳುಮೆಣಸು.

"ಮೆಣಸು ಅಲ್ಲಿ ಬೆಳೀತದಾ?" ಎಂದೆ.

"ಎಲ್ಲಿ ಬೆಳೀತದಮ್ಮ ಆ ಚಳೀಲಿ? ಹಡಗಲ್ಲಿ ಹೋಗಿದ್ದು. ಬಿಸಿಲ ಸೀಮೆಗಳಿಂದ."

"ಅದನ್ನ ಕೊಯ್ದವರ ಕೈ ಚಿತ್ರದಲ್ಲಿ ಎಲ್ಲದೆ?"

ಕುಳ್ಳಯ್ಯ ಕನ್ನಡಕ ಮೇಲೇರಿಸಿ ಪುಟವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ಹುಡುಕಿದ. "ಇಲ್ಲ ಕಣಮ್ಮ. ತಟ್ಟೆ ಅದೆ, ಲೋಟ ಅದೆ. ಕೈ ಇಲ್ಲ." ಮುಂದಿನ ಪುಟದಲ್ಲಿ ಬಡವರು ತಿನ್ನುವ ಒಂದು ಮೀನು, ಎರಡು ಈರುಳ್ಳಿ, ಒಂದು ರೊಟ್ಟಿ, ಅಷ್ಟೇ ಇದ್ದ ಚಿತ್ರವಿತ್ತು. ಅದನ್ನೂ ಅಷ್ಟೇ ಮುತುವರ್ಜಿಯಿಂದ ಬರೆದಿದ್ದರು. "ಹಂಗಾದ್ರೆ ಬೋಟಿಗೇನಾಗದೆ?" ಎಂದ ಕುಳ್ಳಯ್ಯ. ಯಾವ ಪುಣ್ಯಾತ್ಮ ಆ ಪುಸ್ತಕವನ್ನು ರದ್ದಿಗೆ ಹಾಕಿದನೋ, ಅವನ ಹೊಟ್ಟೆ ತಣ್ಣಗಿರಲಿ.

ಮೊದಲ ಪಟ ಎರಡು ತಿಂಗಳಲ್ಲಿ ಮುಗಿಯಿತು. ತಟ್ಟೆಯ ನಡುವೆ ದುಂಡಗೆ ಹೊಳೆಯುವ ರಾಗಿಮುದ್ದೆ, ಸುತ್ತ ಬೋಟಿ ಗೊಜ್ಜು, ಒಂದು ಹೋಳು ನಿಂಬೆ, ಒಂದು ಹೋಳು ಈರುಳ್ಳಿ. ತಿಬ್ಬಕ್ಕ ನೋಡಿ ತಲೆದೂಗಿ, "ಈಗ ನೊಣ ಇಡು" ಎಂದಳು.

"ಇಡಲ್ಲ."

"ಏನಂದೆ?"

"ಇಡಲ್ಲ ಅಂದೆ. ಇಸ್ಕೂಲಲ್ಲಿ ನನ್ನ ಡಬ್ಬಿ ಬಿಚ್ಚಿದ್ರೆ, ನೊಣ ಮುತ್ತೋ ಊಟ ತಂದವ್ಳೆ ಅಂತ ದೂರ ಕೂತ್ಕೋತಿದ್ರು. ಅವ್ವ ಏಳು ನೀರಲ್ಲಿ ತೊಳೆದದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ. ಸಾಹುಕಾರರ ತಟ್ಟೆ ಮೇಲೆ ನೊಣ ಕೂತ್ರೆ ಅದು ನೀತಿ, ನಮ್ಮ ತಟ್ಟೆ ಮೇಲೆ ಕೂತ್ರೆ ಅದು ಸಾಕ್ಷಿ. ನನ್ನ ಕೈಯಾರೆ ಸಾಕ್ಷಿ ಬರ್ಕೊಡಲ್ಲ ತಿಬ್ಬಕ್ಕ."

"ಹಳಸ್ತದೆ ಕಣೆ."

"ಹಳಸ್ಲಿ."

ಹಳಸಿತು. ಬೇರೆಯವರ ಪಟಕ್ಕಿಂತ ನನ್ನದು ಬೇಗ ಹೋಗುವುದಿಲ್ಲ, ಸತ್ಯ ನನ್ನ ಕಡೆ ಇದೆ ಎಂದು ಅಂದುಕೊಂಡಿದ್ದೆ. ಬಣ್ಣಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ. ಐದನೇ ದಿನ ಚಾವಡಿಯ ಶೇಷಗಿರಿಯಪ್ಪನವರು ಹೇಳಿಕಳಿಸಿದರು. ಪಟಗಳನ್ನು ದಿನಾ ಬೆಳಿಗ್ಗೆ ಮೂಸಿ ನೋಡಿ ಷರಾ ಬರೆಯುವುದು ಅವರ ಕೆಲಸ, ಊರಲ್ಲಿ ಅವರಿಗೆ ಮೂಗಪ್ಪ ಎಂದೇ ಹೆಸರು. ಮೂಗಿಗೆ ಕರ್ಚೀಫು ಒತ್ತಿಕೊಂಡು, "ಒಂದು ನೊಣ ಬರೆಯೋಕೆ ಏನಮ್ಮ ಕಷ್ಟ? ನಿಮ್ಮ ಕೇರೀಲಿ ನೊಣಕ್ಕೂ ಬರಗಾಲವೇ?" ಎಂದರು. ಚಾವಡಿಯಲ್ಲಿದ್ದವರು ಗೊಳ್ಳೆಂದು ನಕ್ಕರು. "ಒಂದು ತಿನಿಸಿಗೆ ಎರಡೇ ಅವಕಾಶ. ಇನ್ನೊಂದು ಉಳಿದಿದೆ. ಅದೂ ಹಳಸಿದರೆ ಬೋಟಿಗೆ ಈ ಊರಿನ ಪೇಟೆ ಇಲ್ಲ, ನೆನಪಿರಲಿ." ಗಬ್ಬುನಾರುವ ಪಟವನ್ನು ಹೊತ್ತು ಪೇಟೆಯ ನಡುವೆ ನಡೆದೆ. ಜನ ಎರಡು ಬದಿಗೆ ಸರಿದರು. ಅರ್ಧ ದಾರಿಯಲ್ಲಿ ಅವ್ವ ಎದುರು ಬಂದಳು. ಪಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಂಡಿ ಎಳೆದುಕೊಂಡು ಮುಂದೆ ಮುಂದೆ ನಡೆದಳು. ಮನೆ ಮುಟ್ಟಿದ ಮೇಲೆ, "ಕೈ ತೊಳ್ಕೊಂಡು ಉಣ್ಣು ಬಾ" ಎಂದಳು. ಅಷ್ಟೇ. ಒಂದು ಬೈಗುಳ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡನೆಯ ಹಲಗೆ ಸಿದ್ಧಮಾಡಿದೆವು. ಸತ್ತ ಬಣ್ಣ ಮುಗಿಯಿತು, ಪದರಗಳು ಮುಗಿಯುತ್ತ ಬಂದವು, ಕುಂದು ಮಾತ್ರ ಸಿಗಲಿಲ್ಲ. ಬಾಡಿದ ಕೊತ್ತಂಬರಿ ಸೊಪ್ಪು ಇಡಲೇ ಎಂದರೆ ತಿಬ್ಬಕ್ಕ, "ಬಾಡೋಗಂಟ ಸೊಪ್ಪು ಇಟ್ಕೊಂಡಿರೋರು ಯಾರೆ ನಮ್ಮ ಕೇರೀಲಿ?" ಎಂದು ತಳ್ಳಿಹಾಕಿದಳು. ತಟ್ಟೆ ಸೊಟ್ಟಗೆ ಬರೆಯಲೇ? "ಕುಂದು ಊಟದಲ್ಲಿರ್ಬೇಕು, ತಟ್ಟೇಲಲ್ಲ." ಕಡೆಗೆ ಅವ್ವನೇ, "ಒಂದು ನೊಣ ಬರ್ದಾಕೆ ತಾಯಿ, ನನ್ನ ಮರ್ಯಾದೆ ನೊಣದ ಕಾಲಲ್ಲಿ ಅದಾ?" ಎಂದಳು. ಅವಳ ಮಂಡಿ ಆಗ ಕುಂಬಳಕಾಯಿಯ ಹಾಗೆ ಊದಿತ್ತು. ಅದನ್ನು ನೋಡಿ ಸೋತೆ. ನಾಳೆ ಬರೆಯುತ್ತೇನೆ ಎಂದೆ. ಆ ಮಾತು ಆಡಿದ ಮೇಲೆ ನನ್ನ ಬಾಯಿ ನನಗೇ ಕಹಿಯಾಯಿತು.

ಮರುದಿನ ಮಧ್ಯಾಹ್ನ ಕಿಂಡಿಯ ಬೆಳಕಿನಲ್ಲಿ, ನೋಡಿ ಬರೆಯಲು ನಿಜವಾದ ಊಟ ಬಡಿಸಿದ ತಟ್ಟೆ ಇಟ್ಟುಕೊಂಡು ಕೂತಿದ್ದೆ, ಪಕ್ಕದಲ್ಲಿ ತಿಬ್ಬಕ್ಕ ಬಣ್ಣ ಅರೆಯುತ್ತಿದ್ದಳು. ನಾನು ಬರೆದು ಮುಗಿಸುವವರೆಗೆ ಆ ತಟ್ಟೆಯನ್ನು ಯಾರೂ ಮುಟ್ಟುವಂತಿರಲಿಲ್ಲ, ಅದು ಮೊದಲ ದಿನದಿಂದ ನಾನೇ ಮಾಡಿದ ಕಟ್ಟಳೆ. ಕುಂಚದ ತುದಿಗೆ ಕಪ್ಪು ತೆಗೆದುಕೊಂಡಿದ್ದೆ, ನೊಣಕ್ಕೆ. ಆಗ ಅವ್ವ ಛತ್ರದಿಂದ ಬಂದಳು. ದೊಡ್ಡ ಮದುವೆಯಿತ್ತಂತೆ, ಬೆಳಗಿನಿಂದ ನೀರು ಬಿಟ್ಟು ಏನೂ ಹೊಟ್ಟೆಗೆ ಹೋಗಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ದೊಪ್ಪನೆ ಕೂತು, ತಟ್ಟೆ ಎಳೆದುಕೊಂಡು, ನಿಂಬೆ ಹಿಂಡಿ, ಮುದ್ದೆ ಮುರಿದು, ಗೊಜ್ಜಿನಲ್ಲಿ ಹೊರಳಿಸಿ ನುಂಗತೊಡಗಿದಳು.

"ಅವ್ವಾ! ಏನ್ ಮಾಡ್ತಿದೀಯೆ? ಎಲ್ಲಾ ಹಾಳಾಯ್ತು!"

"ಹಸಿವು ಕಣೆ," ಎಂದಳು ಬಾಯಿ ತುಂಬ. "ಹಸಿವು ನಿನ್ನ ಬಣ್ಣ ಒಣಗೋಗಂಟ ಕಾಯ್ತದಾ?"

ಅರ್ಧ ಉಂಡಿದ್ದಳೋ ಇಲ್ಲವೋ, ಓಣಿಯಿಂದ ಯಾರೋ ಕೂಗಿದರು. ಬೆರಳು ಚೀಪುತ್ತ ಎದ್ದು ಹೋದಳು. ನಾನು ಅಳುತ್ತ ತಟ್ಟೆಯತ್ತ ನೋಡಿದೆ. ಮುದ್ದೆಯ ಒಂದು ಬದಿ ಇರಲಿಲ್ಲ. ಉಳಿದ ಬದಿಯಲ್ಲಿ ಅವ್ವನ ನಾಲ್ಕು ಬೆರಳು ಅಚ್ಚೊತ್ತಿದಂತೆ ಮೂಡಿದ್ದವು, ಒಂದೊಂದು ಗುಣಿಗೂ ಗೊಜ್ಜು ಸಣ್ಣಗೆ ಇಳಿಯುತ್ತಿತ್ತು. ಹಿಂಡಿದ ನಿಂಬೆ ಮಗುಚಿ ಬಿದ್ದಿತ್ತು. ಕಿಂಡಿಯ ಬೆಳಕು ಆ ಬೆರಳಿನ ಗುಣಿಗಳ ಒಳಕ್ಕೆ ಹೋಗಿ ಕೂತಿತ್ತು. ಎರಡು ತಿಂಗಳು ನಾನು ಬರೆದ ದುಂಡು ಮುದ್ದೆಯಲ್ಲಿ ಅಷ್ಟು ಬೆಳಕು ಒಂದು ದಿನವೂ ಕೂತಿರಲಿಲ್ಲ.

"ತಿಬ್ಬಕ್ಕ," ಎಂದೆ. ಅವಳು ಆಗಲೇ ಬಗ್ಗಿ ನೋಡುತ್ತಿದ್ದಳು.

"ನಲವತ್ತು ವರ್ಷ ನೊಣದ ಕಪ್ಪು ಅರೆದೆ ಕಣೆ," ಎಂದಳು ತಿಬ್ಬಕ್ಕ. "ಕುಂದು ಅಂದ್ರೆ ಕೊಳೆಯೋದು ಅಂತಾನೇ ತಿಳ್ಕೊಂಡಿದ್ದೆ. ಊಟ ಮುಗಿಯೋಕೆ ಇನ್ನೊಂದು ದಾರಿ ಅದಲ್ಲೇ. ಹಸಿದವರು ಬಂದು ಉಣ್ಣೋದು. ಆ ಬೀದಿಯವ್ರಿಗೆ ಅದೆಂಗೆ ಹೊಳೀತದೆ, ಅವ್ರಿಗೆ ಹಸಿವಾದ್ರೆ ತಾನೆ?"

ಕಪ್ಪನ್ನು ಒರೆಸಿ ಹಾಕಿದೆ. ದುಂಡು ಮುದ್ದೆಯನ್ನು ಎಣ್ಣೆ ಬಟ್ಟೆಯಲ್ಲಿ ತಿಕ್ಕಿ ತೆಗೆದೆ. ಮುಂದಿನ ಇಪ್ಪತ್ತು ದಿನ ಅವ್ವ ಮಧ್ಯಾಹ್ನ ಬಂದು ಅರ್ಧ ಉಂಡು ಏಳಬೇಕು, ಮಿಕ್ಕಿದ್ದನ್ನು ಬೆಳಕು ಇಳಿದ ಮೇಲೆ ಮುಗಿಸಬೇಕು. "ನೋಡಮ್ಮ ತಿಬ್ಬಕ್ಕ, ಇವಳು ಚಿತ್ರ ಬರೀತೀನಿ ಅಂತ ಹೆತ್ತವ್ವನ್ನೇ ಅರೆಹೊಟ್ಟೇಲಿ ಮಡಗವ್ಳೆ," ಎಂದು ದಿನಾ ದೂರು. ದಿನಾ ಅದೇ ಜಾಗದಲ್ಲಿ, ಅದೇ ನಾಲ್ಕು ಬೆರಳು.

ಪಟ ನೋಡಿ ಶೇಷಗಿರಿಯಪ್ಪನವರ ಮುಖ ಕೆಂಪಾಯಿತು. "ಎಂಜಲು ತಟ್ಟೆ! ಚಾವಡಿಯಲ್ಲಿ ಎಂಜಲು ತೂಗುಹಾಕುವುದೇ?"

ನನಗಿಂತ ಮುಂಚೆ, ಜೊತೆಗೆ ಬಂದಿದ್ದ ಕುಳ್ಳಯ್ಯ ಮಾತಾಡಿದ. "ಸ್ವಾಮಿ, ಇಷ್ಟು ವರ್ಷ ಛತ್ರದ ಗೋಡೆ ಮೇಲಿಂದ ಇವಳ ಅವ್ವನ ಪಾತ್ರೆಗೆ ಬೀಳ್ತಿದ್ದುದು ಏನು? ಆಗ ಅದಕ್ಕೆ ಪ್ರಸಾದ ಅಂತಿದ್ರಿ. ಇದು ಹೊಂಬಾಳಮ್ಮ ತಾನೇ ಬೇಯ್ಸಿ, ತಾನೇ ಉಂಡ ತಟ್ಟೆ. ಇದು ಮೈಲಿಗೆ ಅಂತ ಕಟ್ಟಳೇಲಿ ಎಲ್ಲದೆ, ತೋರ್ಸಿ." ಕಟ್ಟಳೆಯ ಪುಸ್ತಕ ತೆಗೆದರು, ಹುಡುಕಿದರು. ಹಳಸಬಾರದು ಎಂದಿತ್ತು, ಉಂಡಿರಬಾರದು ಎಂದು ಎಲ್ಲೂ ಇರಲಿಲ್ಲ. ಉಂಡದ್ದನ್ನು ಬರೆಯುವವರು ಬರುತ್ತಾರೆಂದು ಬರೆದಿಟ್ಟವರು ಕನಸಲ್ಲೂ ನೆನೆದಿರಲಿಲ್ಲ. ಚಪ್ಪಲಿ ಬಿಡುವ ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದರು. ಹಾಗೆ ಮಾಡಿದ್ದೂ ಒಳ್ಳೆಯದೇ ಆಯಿತು, ಒಳಗೆ ಬರುವವರೆಲ್ಲ ಅದರ ಮುಂದೆ ಬಗ್ಗಲೇಬೇಕಿತ್ತು.

ಮೂರನೇ ದಿನ ಬಣ್ಣ ಬೆವರಲಿಲ್ಲ. ಐದನೇ ದಿನ ನಾನು ಹೊಸಿಲ ಹೊರಗೇ ನಿಂತೆ. ತಿಬ್ಬಕ್ಕ ಹೋಗಿ ಮೂಸಿ ಬಂದು, ನನ್ನ ಕೆನ್ನೆ ತಟ್ಟಿದಳು. ಹದಿನೈದು, ಇಪ್ಪತ್ತೈದು. ಮಧ್ಯಾಹ್ನದ ಹೊತ್ತು ಚಾವಡಿಯ ಗುಮಾಸ್ತರು ಬಾಗಿಲ ಬಳಿ ಸುಮ್ಮಸುಮ್ಮನೆ ಚಪ್ಪಲಿ ಹುಡುಕುತ್ತ ನಿಲ್ಲುತ್ತಿದ್ದರಂತೆ, ಆಗ ತಾನೆ ಹುರಿದ ಮಸಾಲೆಯ ಘಮ, ಹಿಂಡಿದ ನಿಂಬೆಯ ಘಮ. ನಲವತ್ತನೇ ದಿನ ಶೇಷಗಿರಿಯಪ್ಪನವರು ಕರ್ಚೀಫು ತೆಗೆದು ಪಟದ ಹತ್ತಿರ ಮೂಗು ಒಯ್ದರು. ಬಾಯಲ್ಲಿ ಊರಿದ ನೀರನ್ನು ಅವರು ನುಂಗಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. "ಹಳಸಿಲ್ಲ," ಎಂದರು. ಷರಾ ಬರೆಯುವಾಗ, "ಬರೆದವರು?" ಎಂದು ಕೇಳಿದರು. ಹೊಂಬಾಳಮ್ಮ, ತಿಬ್ಬಮ್ಮ, ಮಂಚಮ್ಮ ಎಂದೆ. "ಒಬ್ಬರ ಹೆಸರು ಹೇಳಮ್ಮ." "ಒಬ್ಬರು ಬರೆದದ್ದಲ್ಲ ಸ್ವಾಮಿ, ಮೂರೂ ಬರ್ಕೊಳ್ಳಿ," ಎಂದೆ. ಬರೆದುಕೊಂಡರು. ಅವರಿಗೂ ನನ್ನದೊಂದು ನಮಸ್ಕಾರ ಇರಲಿ. ಮೂಗು ಹೇಳಿದ್ದನ್ನು ಅವರ ಕೈ ಸುಳ್ಳು ಮಾಡಲಿಲ್ಲ, ಅಷ್ಟು ಮಾಡದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಪೇಟೆಯಲ್ಲಿ ಮೊಸರನ್ನದ ಗೌರಕ್ಕನ ಪಕ್ಕ ಅವ್ವನಿಗೆ ಜಾಗ ಸಿಕ್ಕಿತು. ಮೊದಲ ದಿನ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತು, ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಓಣಿಗೆ ಬರುತ್ತಿದ್ದವರಲ್ಲಿ ಒಬ್ಬರು ಬಂದರು, ಕ್ಯಾರಿಯರಿನ ಮೇಲೆ ಟವೆಲ್ಲಿರಲಿಲ್ಲ. "ಕಾರ ಮುಂದಾಗಿರ್ಲಿ ಹೊಂಬಾಳಮ್ಮ," ಎಂದು ಗಟ್ಟಿಯಾಗಿಯೇ ಹೇಳಿದರು. ಅವರ ಹಿಂದೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಪಾತ್ರೆಯ ತಳ ಕಂಡಿತು. ಅವ್ವ ಸೌಟು ಕೆರೆದು ಕೊನೆಯ ಗಿರಾಕಿಗೆ ಹಾಕಿ, "ನಮಗೇ ಉಳೀಲಿಲ್ವಲ್ಲೆ ಮಂಚಿ!" ಎಂದು ನಕ್ಕಳು.

ಗೌರಕ್ಕ ಅಲ್ಲಿವರೆಗೆ ನಮ್ಮ ಜೊತೆ ಒಂದು ಮಾತೂ ಆಡಿರಲಿಲ್ಲ. ಅವಳು ಎದ್ದು, ಹೊಸ ಬಾಳೆಲೆ ಒರೆಸಿ, ಮುಚ್ಚಿಟ್ಟಿದ್ದ ಪಾತ್ರೆಯ ಮೇಲುಮೇಲಿನ ಮೊಸರನ್ನ ಬಡಿಸಿ, ಉಪ್ಪಿನಕಾಯಿ ಹಾಕಿ ಅವ್ವನ ಮುಂದಿಟ್ಟಳು. "ಉಣ್ಣಿ ಅಕ್ಕ. ಬೆಳಗಿಂದ ನೋಡ್ತಿದೀನಿ, ಒಂದು ತುತ್ತು ಬಾಯಿಗೆ ಹಾಕಿಲ್ಲ ನೀವು." ಯಾರೂ ಮುಟ್ಟಿರದ ಪಾತ್ರೆಯಿಂದ ಅವ್ವನಿಗೆ ಯಾರಾದರೂ ಬಡಿಸಿದ್ದು ನಾನು ಕಂಡಂತೆ ಅದೇ ಮೊದಲು. ಅವ್ವ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೈ ತೊಳೆದು, ನಿಧಾನವಾಗಿ, ಪೇಟೆಯೆಲ್ಲ ನೋಡುವ ಹಾಗೆ ಉಣ್ಣತೊಡಗಿದಳು. ಗೌರಕ್ಕ ಇನ್ನೊಂದು ಸೌಟು ತೆಗೆದಳು. ಅವ್ವ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ಸಾಕು ಕಣವ್ವಾ," ಎಂದಳು, "ಹೊಟ್ಟೆ ತುಂಬ್ತು."

ಆ ಮಾತನ್ನು ಅವ್ವನ ಬಾಯಲ್ಲಿ ನಾನು ಅಲ್ಲಿವರೆಗೆ ಕೇಳಿರಲಿಲ್ಲ. ಎಲೆಯ ಮೇಲೆ ಎರಡು ತುತ್ತು ಅನ್ನ ಹಾಗೇ ಉಳಿದಿತ್ತು.